ನೆರಳಿನ ಒಡೆತನ

ಆಡಿದ ಮಾತು ಆಡಿದ ಕ್ಷಣದಲ್ಲಿಯೇ ಗಾಳಿಗೆ ಸೇರಿಹೋಗುತ್ತದೆ. ರಂಗದ ಮೇಲೆ ಹಾಕಿದ ಹೆಜ್ಜೆಯ ಗತಿಯೂ ಅದೇ. ಕವಿಯ ಕಾವ್ಯ ಓಲೆಗರಿಯಲ್ಲಿ ಉಳಿಯುತ್ತದೆ; ಶಿಲ್ಪಿ ಕಡೆದ ಮದನಿಕೆ ಬೇಲೂರಿನಲ್ಲಿ ಒಂಬೈನೂರು ವರ್ಷಗಳಿಂದ ನಿಂತೇ ಇದ್ದಾಳೆ. ನಟನಿಗೆ ಮಾತ್ರ ಬಹುಕಾಲ ಈ ಭಾಗ್ಯವಿರಲಿಲ್ಲ. ಪರದೆ ಬಿದ್ದೊಡನೆ ಅವನ ಕಲೆ ಕಂಡವರ ನೆನಪಿನಲ್ಲಿ ಮಾತ್ರ ಉಳಿಯುತ್ತಿತ್ತು. ಕಂಡವರು ಕಾಲವಾದೊಡನೆ ಆ ನೆನಪೂ ಇಲ್ಲವಾಗುತ್ತಿತ್ತು. ಚಲನಚಿತ್ರ ಯಂತ್ರ ಬಂದು ಈ ಸ್ಥಿತಿಯನ್ನು ಬದಲಾಯಿಸಿತು. ನಟನ ನೆರಳನ್ನು ತಗಡಿನ ಡಬ್ಬಿಯಲ್ಲಿ ತುಂಬಿಡಬಹುದು, ಬೇಕೆಂದಾಗ ತೆಗೆದು ತೋರಿಸಬಹುದು ಎಂದಾಯಿತು. ಆದರೆ ಅದರ ಜೊತೆಗೇ ಹಿಂದೆಂದೂ ಇಲ್ಲದಿದ್ದ ಒಂದು ಪ್ರಶ್ನೆಯೂ ಹುಟ್ಟಿತು. ಆ ನೆರಳು ಯಾರದು? ನೆರಳು ಚೆಲ್ಲಿದವನದೋ, ಡಬ್ಬಿಯ ಯಜಮಾನನದೋ?

ಈ ಪ್ರಶ್ನೆಗೆ ಅಮೆರಿಕದ ಇಬ್ಬರು ನಟರು ೧೯೫೧ರಲ್ಲಿ ಕಂಡುಕೊಂಡ ಉತ್ತರವನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಲೂಸಿಲ್ ಬಾಲ್ ಮತ್ತು ಡೆಸಿ ಅರ್ನಾಜ್ ಎಂಬ ಆ ದಂಪತಿಗಳು ಕಟ್ಟಿದ ಸಂಸ್ಥೆಯ ಹೆಸರು ‘ಡೆಸಿಲು ಪ್ರೊಡಕ್ಷನ್ಸ್’. ಹೆಸರನ್ನು ಕೇಳಿ ನಮ್ಮ ಅಲಂಕಾರಿಕರ ಮಾರ್ಗ–ದೇಸಿಗಳನ್ನು ನೆನೆಯುವವರು ಇದ್ದಾರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಗಂಡನ ಹೆಸರು ಡೆಸಿ, ಹೆಂಡತಿಯ ಹೆಸರಿನ ಮೊದಲಕ್ಷರ ಲು. ಇವೆರಡೂ ಕೂಡಿ ಆದ ಪದವಿದು. ಮೊದಲು ಅವರು ತಮ್ಮ ತೋಟದ ಮನೆಗೆ ಈ ಹೆಸರನ್ನಿಟ್ಟಿದ್ದರು. ಅನಂತರ ಅದೇ ಸಂಸ್ಥೆಯ ಹೆಸರಾಯಿತು.

ನಾನು ಸಾಹಿತ್ಯವನ್ನು ಪಾಠ ಹೇಳಿದವನು. ವಾಣಿಜ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೂ ಕನ್ನಡ ರಂಗಭೂಮಿಯ ಚರಿತ್ರೆಯನ್ನು ಬಲ್ಲವರಿಗೆ ‘ಕಂಪನಿ’ ಎಂಬ ಮಾತು ಪರಕೀಯವಾದುದಲ್ಲ. ನಮ್ಮಲ್ಲಿ ಕಂಪನಿ ಎಂದರೆ ಮೊದಲು ನೆನಪಾಗುವುದು ನಾಟಕದ ಕಂಪನಿಯೇ. ಬಣ್ಣ ಹಚ್ಚುವವನೇ ಮಾಲೀಕನಾಗಿರುವುದು ಅಲ್ಲಿ ಸಹಜವಾದ ಸಂಗತಿ. ಗುಬ್ಬಿ ವೀರಣ್ಣನವರು ಹಾಸ್ಯನಟರೂ ಹೌದು, ಒಡೆಯರೂ ಹೌದು. ೧೯೫೪ರಲ್ಲಿ ತೆರೆಕಂಡು ರಾಜಕುಮಾರ್ ಅವರನ್ನು ನಾಯಕನಟರನ್ನಾಗಿ ನಾಡಿಗೆ ಪರಿಚಯಿಸಿದ ‘ಬೇಡರ ಕಣ್ಣಪ್ಪ’ವೂ ವೀರಣ್ಣನವರ ಚಿತ್ರಸಂಸ್ಥೆಯೊಡನೆಯೇ ಸೇರಿಕೊಂಡದ್ದು. ಆದುದರಿಂದ ನಟನೊಬ್ಬ ಸಂಸ್ಥೆ ಕಟ್ಟಿದ ಎಂದರೆ ನಮಗೆ ಅಚ್ಚರಿಯಾಗುವುದಿಲ್ಲ.

ಹಾಲಿವುಡ್ಡಿನ ಪದ್ಧತಿ ಇದಕ್ಕೆ ತೀರ ಬೇರೆಯಾಗಿತ್ತು. ಅಲ್ಲಿ ಒಡೆಯರೆಂದರೆ ದೊಡ್ಡ ದೊಡ್ಡ ಸ್ಟುಡಿಯೋಗಳು. ನಟನಟಿಯರು ವರ್ಷಗಟ್ಟಲೆಯ ಕರಾರಿಗೆ ಸಹಿ ಹಾಕಿ, ವಾರದ ಸಂಬಳ ಪಡೆದು, ಕೊಟ್ಟ ಪಾತ್ರವನ್ನು ಮಾಡಬೇಕು. ಚಿತ್ರ ಎಷ್ಟೇ ಗಳಿಸಲಿ, ಎಷ್ಟು ವರ್ಷವೇ ಓಡಲಿ, ಆ ಗಳಿಕೆ ಸ್ಟುಡಿಯೋದ್ದು. ೧೯೧೯ರಲ್ಲಿ ಚಾರ್ಲಿ ಚಾಪ್ಲಿನ್, ಮೇರಿ ಪಿಕ್‌ಫರ್ಡ್, ಡಗ್ಲಾಸ್ ಫೇರ್‌ಬ್ಯಾಂಕ್ಸ್ ಎಂಬ ಮೂವರು ನಟರು ನಿರ್ದೇಶಕ ಗ್ರಿಫಿತ್‌ನೊಡನೆ ಸೇರಿ ‘ಯುನೈಟೆಡ್ ಆರ್ಟಿಸ್ಟ್ಸ್’ ಸ್ಥಾಪಿಸಿ ಈ ಪದ್ಧತಿಯನ್ನು ಎದುರಿಸಿದ್ದುಂಟು. ಆದರೆ ಅವರು ಜಗದ್ವಿಖ್ಯಾತರು. ಅವರ ಹೆಸರೇ ಅವರ ಬಂಡವಾಳ. ಡೆಸಿಲು ಕಟ್ಟಿದವರು ಆ ಎತ್ತರದವರಲ್ಲ.

ಲೂಸಿಲ್ ಬಾಲ್ ಹುಟ್ಟಿದ್ದು ೧೯೧೧ರಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಜೇಮ್ಸ್‌ಟೌನ್ ಎಂಬ ಊರಿನಲ್ಲಿ. ಮೂವತ್ತರ ದಶಕದಲ್ಲಿ ಆಕೆ ಆರ್.ಕೆ.ಓ. ಸ್ಟುಡಿಯೋದಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ನಟಿ. ಸಣ್ಣ ಪಾತ್ರಗಳಿಂದ ತೊಡಗಿ ಎರಡನೆಯ ದರ್ಜೆಯ ಚಿತ್ರಗಳ ನಾಯಕಿಯಾಗುವವರೆಗೆ ಬಂದು ಅಲ್ಲಿಗೆ ನಿಂತವಳು. ಡೆಸಿ ಅರ್ನಾಜ್ ಕ್ಯೂಬಾ ದ್ವೀಪದವನು. ಅವನ ತಂದೆ ಸಾಂಟಿಯಾಗೋ ನಗರದ ಮೇಯರ್. ೧೯೩೩ರ ಕ್ರಾಂತಿಯಲ್ಲಿ ಮನೆ, ಆಸ್ತಿ ಎಲ್ಲವೂ ಹೋಗಿ ತಂದೆ ಸೆರೆಮನೆ ಸೇರಿದ. ಅನಂತರ ತಂದೆಮಕ್ಕಳು ಅಮೆರಿಕದ ಮಯಾಮಿಗೆ ಬಂದು ನೆಲೆಸಿದರು. ಅಲ್ಲಿ ಹಕ್ಕಿ ಮಾರುವವನ ಬಳಿ ಪಂಜರ ತೊಳೆಯುವ ಕೆಲಸದಿಂದ ಆರಂಭಿಸಿ, ಡೋಲು ಬಾರಿಸುತ್ತ, ಹಾಡುತ್ತ ಸ್ವಂತದ ವಾದ್ಯವೃಂದ ಕಟ್ಟುವವರೆಗೆ ಡೆಸಿ ಬೆಳೆದ. ೧೯೪೦ರಲ್ಲಿ ಒಂದು ಚಿತ್ರದ ತಯಾರಿಕೆಯಲ್ಲಿ ಇಬ್ಬರ ಭೇಟಿಯಾಯಿತು. ಅದೇ ವರ್ಷ ಮದುವೆಯೂ ಆಯಿತು. ಅವನು ವಾದ್ಯವೃಂದದೊಡನೆ ಊರೂರು ಸುತ್ತುವವನು, ಆಕೆ ಹಾಲಿವುಡ್ಡಿನಲ್ಲಿರುವವಳು. ದಾಂಪತ್ಯದ ಬಹುಭಾಗ ಅಗಲಿಕೆಯಲ್ಲಿಯೇ ಕಳೆಯಿತು.

೧೯೪೮ರಿಂದ ಸಿ.ಬಿ.ಎಸ್. ಬಾನುಲಿಯಲ್ಲಿ ‘ಮೈ ಫೇವರಿಟ್ ಹಸ್ಬೆಂಡ್’ ಎಂಬ ಹಾಸ್ಯಮಾಲೆ ಪ್ರಸಾರವಾಗುತ್ತಿತ್ತು. ಅದರಲ್ಲಿ ಹೆಂಡತಿಯ ಪಾತ್ರ ಲೂಸಿಯದು. ಗಂಡನ ಪಾತ್ರ ಬೇರೊಬ್ಬ ನಟನದು. ದೂರದರ್ಶನ ಬೆಳೆಯತೊಡಗಿದಾಗ ಇದನ್ನೇ ಅಲ್ಲಿಗೂ ತರೋಣವೆಂದು ಸಿ.ಬಿ.ಎಸ್. ಸೂಚಿಸಿತು. ಲೂಸಿ ಒಪ್ಪಿದಳು, ಆದರೆ ಗಂಡನ ಪಾತ್ರಕ್ಕೆ ತನ್ನ ಗಂಡನೇ ಆಗಬೇಕೆಂದಳು. ಹಾಗಾದರೂ ಅವನು ಊರಿನಲ್ಲಿ ನಿಲ್ಲುವನೆಂಬ ಆಸೆ ಆಕೆಗೆ. ಸಂಸ್ಥೆಯವರು ಹಿಂಜರಿದರು. ಕ್ಯೂಬಾದ ಉಚ್ಚಾರಣೆಯಲ್ಲಿ ಇಂಗ್ಲಿಷ್ ಮಾತನಾಡುವವನೊಬ್ಬನನ್ನು ಅಮೆರಿಕದ ಹೆಣ್ಣಿನ ಗಂಡನೆಂದು ಜನ ಒಪ್ಪುವರೇ ಎಂಬುದು ಅವರ ಶಂಕೆ. ನಿಜ ಜೀವನದಲ್ಲಿ ಹತ್ತು ವರ್ಷಗಳಿಂದ ಗಂಡಹೆಂಡಿರಾಗಿದ್ದವರನ್ನು ತೆರೆಯ ಮೇಲೆ ಗಂಡಹೆಂಡಿರೆಂದು ನಂಬಿಸುವುದು ಕಷ್ಟವೆಂದಂತಾಯಿತು! ದಂಪತಿಗಳು ವಾದಕ್ಕೆ ನಿಲ್ಲಲಿಲ್ಲ. ೧೯೫೦ರಲ್ಲಿ ಡೆಸಿಲು ಸಂಸ್ಥೆಯನ್ನು ಸ್ಥಾಪಿಸಿದರು. ಇಬ್ಬರೂ ಕೂಡಿ ಆಡುವ ಹಾಸ್ಯಪ್ರಸಂಗಗಳನ್ನು ಸಿದ್ಧಪಡಿಸಿಕೊಂಡು ಊರೂರಿನ ರಂಗಮಂದಿರಗಳಲ್ಲಿ ಆಡಿ ತೋರಿಸಿದರು. ಜನ ನಕ್ಕರು. ನಕ್ಕ ಜನಕ್ಕಿಂತ ದೊಡ್ಡ ಸಾಕ್ಷಿ ಹಾಸ್ಯಕ್ಕೆ ಬೇರೆ ಯಾವುದಿದೆ?

ಇಲ್ಲಿಗೆ ಒಂದು ತೊಡಕು ಬಿಡಿಸಿತು, ಎರಡನೆಯದು ಎದ್ದಿತು. ಸಂಸ್ಥೆಯ ಮುಂದಿನ ಬಾಳೆಲ್ಲ ನಿಂತಿರುವುದು ಇದರ ಮೇಲೆಯೇ ಆದ್ದರಿಂದ ಸ್ವಲ್ಪ ವಿವರಿಸಬೇಕು. ಆ ಕಾಲದ ದೂರದರ್ಶನದ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ನೇರ ಪ್ರಸಾರದವು. ನ್ಯೂಯಾರ್ಕಿನಲ್ಲಿ ನಟರು ಆಡುತ್ತಿದ್ದಂತೆಯೇ ಪೂರ್ವ ಭಾಗದ ಜನ ಮನೆಯಲ್ಲಿ ಕುಳಿತು ನೋಡುತ್ತಿದ್ದರು. ಅಮೆರಿಕದ ಒಂದು ತೀರದಿಂದ ಇನ್ನೊಂದು ತೀರಕ್ಕೆ ಚಿತ್ರವನ್ನು ಸಾಗಿಸುವ ಏರ್ಪಾಡು ಆರಂಭವಾದದ್ದೇ ೧೯೫೧ರ ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ದೂರದ ಊರುಗಳಿಗಾಗಿ ದೂರದರ್ಶನದ ಗಾಜಿನ ಮುಂದೆಯೇ ಒಂದು ಕ್ಯಾಮೆರಾ ಇಟ್ಟು, ಮೂಡಿದ ಚಿತ್ರವನ್ನು ಫಿಲ್ಮಿಗೆ ಇಳಿಸಿಕೊಂಡು ಕಳುಹಿಸುತ್ತಿದ್ದರು. ಇದಕ್ಕೆ ಕಿನಿಸ್ಕೋಪ್ ಎಂದು ಹೆಸರು. ನೆರಳಿನ ನೆರಳು ಎಷ್ಟು ಸ್ಪಷ್ಟವಾಗಿದ್ದೀತು! ಮುಖಗಳು ಮಸುಕಾಗಿ, ಬಿಳುಪು ಬೂದಿಯಾಗಿ ಕಾಣುತ್ತಿತ್ತು. ವಿಡಿಯೋ ಟೇಪು ಬಳಕೆಗೆ ಬಂದದ್ದು ೧೯೫೬ರಲ್ಲಿ.

ಕಾರ್ಯಕ್ರಮದ ಪ್ರಾಯೋಜಕರು ಫಿಲಿಪ್ ಮಾರಿಸ್ ಎಂಬ ಸಿಗರೇಟ್ ತಯಾರಕರು. ಕೊಳ್ಳುವ ಜನ ಹೆಚ್ಚಾಗಿದ್ದ ಪೂರ್ವ ಭಾಗಕ್ಕೆ ಈ ಮಸುಕು ಚಿತ್ರ ಹೋಗುವುದು ಅವರಿಗೆ ಸಮ್ಮತವಿರಲಿಲ್ಲ. ನ್ಯೂಯಾರ್ಕಿಗೆ ಬಂದು ಆಡಿರಿ ಎಂದರು. ದಂಪತಿಗಳಿಗೆ ಹಾಲಿವುಡ್ ಬಿಡುವ ಮನಸ್ಸಿಲ್ಲ. ಮದುವೆಯಾಗಿ ಹತ್ತು ವರ್ಷಗಳ ಮೇಲೆ, ಅದೇ ಜುಲೈಯಲ್ಲಿ, ಅವರಿಗೆ ಮೊದಲ ಮಗು ಹುಟ್ಟಿತ್ತು. ಹಾಗಾದರೆ ಸಿನಿಮಾ ತೆಗೆದಂತೆ ೩೫ ಮಿಲಿಮೀಟರ್ ಫಿಲ್ಮಿನಲ್ಲಿಯೇ ಚಿತ್ರಿಸೋಣ, ಪೂರ್ವಕ್ಕೂ ಪಶ್ಚಿಮಕ್ಕೂ ಒಂದೇ ಸ್ಪಷ್ಟತೆಯ ಪ್ರತಿ ಹೋಗಲಿ ಎಂಬ ಪರಿಹಾರ ಬಂದಿತು. ಆದರೆ ಫಿಲ್ಮಿನ ಖರ್ಚು ಬಹಳ. ಹೆಚ್ಚುವರಿ ಹಣ ಯಾರು ಕೊಡಬೇಕು? ತಮ್ಮ ವಾರದ ಸಂಭಾವನೆಯಲ್ಲಿ ಸಾವಿರ ಡಾಲರುಗಳನ್ನು ಬಿಟ್ಟುಕೊಡಲು ದಂಪತಿಗಳು ಒಪ್ಪಿದರೆಂದು ಹೇಳುತ್ತಾರೆ. ಅದಕ್ಕೆ ಪ್ರತಿಯಾಗಿ ಅವರು ಕೇಳಿದ್ದು ಒಂದೇ: ಪ್ರಸಾರವಾದ ಮೇಲೆ ಆ ಫಿಲ್ಮುಗಳು ಡೆಸಿಲು ಸಂಸ್ಥೆಗೆ ಸೇರಬೇಕು.

ಸಿ.ಬಿ.ಎಸ್. ಒಪ್ಪಿತು. ಒಪ್ಪಿದವರನ್ನು ದಡ್ಡರೆನ್ನುವುದು ನ್ಯಾಯವಲ್ಲ. ಒಮ್ಮೆ ಜನ ನೋಡಿ ನಕ್ಕ ಹಾಸ್ಯವನ್ನು ಇನ್ನೊಮ್ಮೆ ಯಾರು ನೋಡುತ್ತಾರೆ? ಪ್ರಸಾರವೆಂದರೆ ನಿನ್ನೆಯ ದಿನಪತ್ರಿಕೆಯಂತೆ ಎಂಬುದು ಅಂದಿನ ತಿಳಿವಳಿಕೆ. ಬಳಸಿ ಬಿಟ್ಟ ಬಾಳೆಲೆಯನ್ನು ಯಾರಾದರೂ ಕೇಳಿದರೆ ಕೊಡುವುದಕ್ಕೇನು ಎಂದು ಕೊಟ್ಟರು.

ಇನ್ನು ಆ ಚಿತ್ರಣ ನಡೆದ ಬಗೆ. ಲೂಸಿಯ ಹಾಸ್ಯ ಜನರ ಎದುರಿಗೆ ಅರಳುವಂಥದು. ಎದುರಿನಲ್ಲಿ ನಗುವವರಿಲ್ಲದಿದ್ದರೆ ಅದು ಬಾಡುತ್ತಿತ್ತು. ಸಿನಿಮಾದ ಕ್ರಮವಾದರೋ ಒಂದೇ ಕ್ಯಾಮೆರಾ, ತುಂಡು ತುಂಡಾದ ದೃಶ್ಯ, ಪ್ರತಿ ತುಂಡಿಗೂ ದೀಪ ಬದಲಾವಣೆ. ನಾಟಕದ ಓಟವನ್ನೂ ಸಿನಿಮಾದ ಸ್ಪಷ್ಟತೆಯನ್ನೂ ಕೂಡಿಸುವುದು ಹೇಗೆ? ಹಾಲಿವುಡ್ಡಿನ ಜನರಲ್ ಸರ್ವಿಸ್ ಸ್ಟುಡಿಯೋದ ಒಂದು ಅಂಕಣದಲ್ಲಿ ಸುಮಾರು ಮುನ್ನೂರು ಜನ ಕೂರುವಂತೆ ಮೆಟ್ಟಿಲು ಆಸನಗಳನ್ನು ಹಾಕಿಸಿದರು. ಮನೆಯ ಕೋಣೆಗಳನ್ನು ಪಕ್ಕಪಕ್ಕದಲ್ಲಿ ನಿರ್ಮಿಸಿದರು. ಮೂರು ಫಿಲ್ಮ್ ಕ್ಯಾಮೆರಾಗಳು ಏಕಕಾಲದಲ್ಲಿ ಓಡುತ್ತಿದ್ದವು. ಒಂದು ಇಡೀ ಕೋಣೆಯನ್ನು ನೋಡಿದರೆ ಉಳಿದೆರಡು ಮುಖಗಳನ್ನು ಹಿಡಿಯುತ್ತಿದ್ದವು. ಜನ ನಕ್ಕ ನಗುವೂ ಧ್ವನಿಪಟ್ಟಿಗೆ ಸೇರುತ್ತಿತ್ತು. ಕೊನೆಗೆ ಮೂರು ಫಿಲ್ಮುಗಳನ್ನೂ ಪಕ್ಕಪಕ್ಕದಲ್ಲಿ ಓಡಿಸಿ ನೋಡುವ ಯಂತ್ರದ ಮುಂದೆ ಕುಳಿತು ಸಂಕಲನಕಾರ ಬೇಕಾದುದನ್ನು ಆರಿಸುತ್ತಿದ್ದ.

ಮೂರು ಕ್ಯಾಮೆರಾಗಳಿಗೂ ಏಕಕಾಲಕ್ಕೆ ಹೊಂದುವ ಬೆಳಕು ಒದಗಿಸುವುದೇ ಎಲ್ಲಕ್ಕಿಂತ ಕಠಿಣವಾದ ಸಮಸ್ಯೆ. ಮುಖಕ್ಕೆಂದು ಬಿಟ್ಟ ದೀಪ ಪಕ್ಕದ ಕ್ಯಾಮೆರಾಕ್ಕೆ ನೆರಳಾಗುತ್ತದೆ. ಇದನ್ನು ಬಿಡಿಸಿದವನು ಕಾರ್ಲ್ ಫ್ರಾಯ್ಂಡ್. ಜರ್ಮನಿಯಲ್ಲಿ ೧೯೨೭ರ ‘ಮೆಟ್ರೊಪೊಲಿಸ್’ ಎಂಬ ಮೂಕಿ ಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ದ, ‘ದಿ ಗುಡ್ ಅರ್ತ್’ ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆದಿದ್ದ ಹಿರಿಯ ಛಾಯಾಗ್ರಾಹಕನೀತ. ದೀಪಗಳನ್ನೆಲ್ಲ ಮೇಲಿನಿಂದ ಇಳಿಬಿಟ್ಟು, ಇಡೀ ರಂಗದ ಮೇಲೆ ಸಮನಾದ ಬೆಳಕನ್ನು ಹರಡಿ, ನಟರು ಎಲ್ಲಿ ನಿಂತರೂ ನಡೆಯುವಂತೆ ಮಾಡಿದ. ಹಲವು ಕ್ಯಾಮೆರಾಗಳಿಂದ ಫಿಲ್ಮಿಗೆ ಚಿತ್ರಿಸುವುದನ್ನು ಡೆಸಿಲು ಮೊದಲಿಗೆ ಕಂಡುಹಿಡಿಯಿತೆಂದು ಹೇಳುವವರುಂಟು; ಅದು ಪೂರ್ತಿ ನಿಜವಲ್ಲ. ಹಿಂದೆಯೂ ಕೆಲವರು ಪ್ರಯತ್ನಿಸಿದ್ದರು. ಅಂಥ ಕೆಲಸದ ಅನುಭವವಿದ್ದವರನ್ನು ಡೆಸಿ ಕರೆತಂದಿದ್ದ. ಆದರೆ ಪ್ರೇಕ್ಷಕರು, ಫಿಲ್ಮು, ಕಥೆಯುಳ್ಳ ಹಾಸ್ಯ ಇವು ಮೂರನ್ನೂ ವಾರವಾರವೂ ತಪ್ಪದೆ ನಡೆಯುವ ಒಂದು ಕ್ರಮವಾಗಿ ರೂಢಿಗೆ ತಂದ ಶ್ರೇಯಸ್ಸು ಈ ಸಂಸ್ಥೆಯದು. ಮುಂದೆ ಬಂದ ಎಷ್ಟೋ ಹಾಸ್ಯಮಾಲೆಗಳು ನಡೆದದ್ದು ಈ ದಾರಿಯಲ್ಲಿಯೇ.

‘ಐ ಲವ್ ಲೂಸಿ’ ಎಂಬ ಹೆಸರಿನ ಈ ಮಾಲೆಯ ಮೊದಲ ಕಂತು ೧೯೫೧ರ ಅಕ್ಟೋಬರ್ ೧೫ರಂದು ಪ್ರಸಾರವಾಯಿತು. ಮರುವರ್ಷ ಲೂಸಿ ಮತ್ತೆ ಗರ್ಭಿಣಿಯಾದಳು. ಅದನ್ನೂ ಕಥೆಯಲ್ಲಿ ಸೇರಿಸಿಕೊಂಡರು. ‘ಗರ್ಭಿಣಿ’ ಎಂಬ ಮಾತನ್ನು ಮಾತ್ರ ಸಂಭಾಷಣೆಯಲ್ಲಿ ಆಡುವಂತಿರಲಿಲ್ಲ! ಕಥೆಯ ಲೂಸಿಗೆ ಮಗುವಾದ ಕಂತು ೧೯೫೩ರ ಜನವರಿ ೧೯ರಂದು ಪ್ರಸಾರವಾಯಿತು. ನಿಜವಾದ ಲೂಸಿಗೂ ಅಂದೇ ಗಂಡುಮಗುವಾಯಿತು. ಆ ರಾತ್ರಿ ಆ ಕಂತನ್ನು ನೋಡಿದವರು ಸುಮಾರು ೪ ಕೋಟಿ ೪೦ ಲಕ್ಷ ಜನರೆಂದು ಲೆಕ್ಕ ಹಾಕಿದ್ದಾರೆ. ಮರುದಿನ ಐಸೆನ್‌ಹೋವರ್ ಅಧ್ಯಕ್ಷಪದವಿಯ ಪ್ರಮಾಣವಚನ ಸ್ವೀಕರಿಸಿದ್ದನ್ನು ನೋಡಿದವರು ಅದಕ್ಕಿಂತ ಕಡಿಮೆ.

ನನಗೆ ಈ ಸಂಖ್ಯೆಗಿಂತ ಮುಖ್ಯವಾಗಿ ಕಾಣುವುದು ಬೇರೊಂದು. ಬಾಣಂತನದ ಅವಧಿಯಲ್ಲಿ ಹೊಸ ಕಂತುಗಳು ಸಾಲದೆ ಹೋದಾಗ ಹಳೆಯ ಕೆಲವು ಕಂತುಗಳನ್ನೇ ಮತ್ತೆ ಪ್ರಸಾರ ಮಾಡಿದರು. ಜನ ಅವನ್ನೂ ನೋಡಿದರು. ಬಳಸಿ ಬಿಟ್ಟ ಎಲೆಯಲ್ಲ ಅದು, ಕಣಜದಲ್ಲಿ ತುಂಬಿದ ಧಾನ್ಯ ಎಂಬುದು ಆಗ ಬೆಳಕಿಗೆ ಬಂದಿತು. ಮರುಪ್ರಸಾರವೆಂಬ ಇಂದಿನ ದೊಡ್ಡ ವ್ಯಾಪಾರದ ಬೇರು ಇಲ್ಲಿದೆ. ಅದೇ ಕಾಲದಲ್ಲಿ ನೇರ ಪ್ರಸಾರವಾದ ಎಷ್ಟೋ ಒಳ್ಳೆಯ ನಾಟಕಗಳು ಇಂದು ಸಿಕ್ಕುವುದಿಲ್ಲ. ದೂರದ ಮಾತೇಕೆ? ೧೯೩೪ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ನಮಗೆ ಉಳಿದಿಲ್ಲ. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು ಅಲ್ಲಿ ಹೇಗೆ ನಟಿಸಿದ್ದರೆಂಬುದನ್ನು ನಾವಿನ್ನು ಓದಿ ತಿಳಿಯಬೇಕು, ನೋಡಿ ತಿಳಿಯುವಂತಿಲ್ಲ. ಕಾಪಾಡುವ ಆಸಕ್ತಿಯಿರುವ ಒಡೆಯನಿಲ್ಲದ ನೆರಳಿಗೆ ಆಯುಸ್ಸು ಕಡಿಮೆ.

ಡೆಸಿಲು ಬೆಳೆಯಿತು. ತನ್ನ ಮಾಲೆಗಳ ಜೊತೆಗೆ ಬೇರೆಯವರ ಮಾಲೆಗಳಿಗೂ ಅಂಕಣ, ಕ್ಯಾಮೆರಾ, ಕೆಲಸಗಾರರನ್ನು ಒದಗಿಸುವ ದೊಡ್ಡ ಕಾರ್ಖಾನೆಯಾಯಿತು. ‘ದಿ ಅನ್‌ಟಚಬಲ್ಸ್’ನಂಥ ಅಪರಾಧ ಕಥೆಗಳೂ ಇಲ್ಲಿ ತಯಾರಾದವು. ಉಚ್ಚಾರಣೆಯ ಕಾರಣಕ್ಕೆ ನಟನಾಗಲು ಅಯೋಗ್ಯನೆನ್ನಿಸಿಕೊಂಡಿದ್ದ ಡೆಸಿ ಲೆಕ್ಕಾಚಾರದಲ್ಲಿಯೂ ತಂತ್ರದಲ್ಲಿಯೂ ಅಸಾಮಾನ್ಯನಾದ ನಿರ್ಮಾಪಕನೆಂದು ತೋರಿಸಿಕೊಟ್ಟ. ‘ಐ ಲವ್ ಲೂಸಿ’ಯ ಕಂತುಗಳನ್ನು ೧೯೫೭ರ ಸುಮಾರಿಗೆ ಐವತ್ತು ಲಕ್ಷ ಡಾಲರುಗಳ ಆಸುಪಾಸಿನ ಬೆಲೆಗೆ ಸಿ.ಬಿ.ಎಸ್.ಗೇ ಮಾರಿದರು. ಬೇಡವೆಂದು ಬಿಟ್ಟುಕೊಟ್ಟಿದ್ದನ್ನು ಕೆಲವೇ ವರ್ಷಗಳಲ್ಲಿ ಅಷ್ಟು ಹಣ ತೆತ್ತು ಕೊಳ್ಳಬೇಕಾಯಿತು. ಆ ಸುಮಾರಿನಲ್ಲಿಯೇ ಡೆಸಿಲು ಅರುವತ್ತೊಂದು ಲಕ್ಷಕ್ಕೂ ಹೆಚ್ಚು ಡಾಲರು ಕೊಟ್ಟು ಆರ್.ಕೆ.ಓ. ಸ್ಟುಡಿಯೋದ ಅಂಕಣಗಳನ್ನು ಕೊಂಡಿತು. ‘ಗಾನ್ ವಿತ್ ದಿ ವಿಂಡ್’ ಚಿತ್ರ ತಯಾರಾದ ಕಲ್ವರ್ ಸಿಟಿಯ ನೆಲವೂ ಅದರಲ್ಲಿ ಸೇರಿತ್ತು. ವಾರದ ಸಂಬಳಕ್ಕೆ ಕೈಯೊಡ್ಡಿ ನಿಂತಿದ್ದ ಸ್ಟುಡಿಯೋದ ಬಾಗಿಲಿಗೆ ಲೂಸಿ ಒಡತಿಯಾಗಿ ಬಂದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಮಕ್ಕಳಿಗೆ ಹೇಳುವ ಕಥೆಯಾಗುತ್ತಿತ್ತು. ಗಂಡಹೆಂಡಿರು ಒಟ್ಟಿಗಿರಲೆಂದು ಕಟ್ಟಿದ ಸಂಸ್ಥೆ ಅವರನ್ನು ಒಟ್ಟಿಗಿಡಲಿಲ್ಲ. ಕೆಲಸದ ಹೊರೆ, ಡೆಸಿಯ ಕುಡಿತ, ಕಲಹ ಎಲ್ಲವೂ ಬೆಳೆದವು. ೧೯೬೦ರ ಮಾರ್ಚ್ ತಿಂಗಳಲ್ಲಿ ಇಬ್ಬರೂ ಕೂಡಿ ನಟಿಸಿದ ಕೊನೆಯ ಕಂತಿನ ಚಿತ್ರಣ ಮುಗಿಯಿತು. ಅದರ ಬೆನ್ನಿಗೇ ಲೂಸಿ ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ೧೯೬೨ರಲ್ಲಿ ಡೆಸಿಯ ಪಾಲಿನ ಷೇರುಗಳನ್ನು ಆಕೆಯೇ ಕೊಂಡು ಸಂಸ್ಥೆಯ ಅಧ್ಯಕ್ಷೆಯಾದಳು. ದೊಡ್ಡ ಸ್ಟುಡಿಯೋಗಳ ಆಡಳಿತವೆಲ್ಲ ಗಂಡಸರ ಕೈಯಲ್ಲಿದ್ದ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಆಕೆಯ ಅಧ್ಯಕ್ಷತೆಯ ಕಾಲದಲ್ಲಿ ಜೀನ್ ರಾಡನ್‌ಬೆರಿ ಎಂಬ ಲೇಖಕ ನಕ್ಷತ್ರಲೋಕದಲ್ಲಿ ಸಂಚರಿಸುವ ಹಡಗೊಂದರ ಕಥೆಯನ್ನು ತಂದ. ಮಾದರಿ ಕಂತನ್ನು ತಯಾರಿಸಿದರೆ ಎನ್.ಬಿ.ಸಿ. ಸಂಸ್ಥೆ ಅದನ್ನು ನಿರಾಕರಿಸಿ ಇನ್ನೊಂದನ್ನು ಮಾಡಿಕೊಡಲು ಹೇಳಿತು. ಇಷ್ಟು ಖರ್ಚಿನ ಕೆಲಸ ನಮಗೇಕೆ ಎಂದು ಡೆಸಿಲುವಿನ ಆಡಳಿತ ಮಂಡಲಿಯವರೇ ಅಳುಕಿದರೆಂದೂ ಲೂಸಿಯ ಬೆಂಬಲದಿಂದ ಅದು ಮುಂದುವರಿಯಿತೆಂದೂ ಅಲ್ಲಿ ಕೆಲಸ ಮಾಡಿದವರು ನೆನೆದಿದ್ದಾರೆ. ಅದೇ ೧೯೬೬ರ ಸೆಪ್ಟೆಂಬರಿನಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’. ಅದೇ ತಿಂಗಳು ಬಂದ ಇನ್ನೊಂದು ಮಾಲೆ ‘ಮಿಷನ್ ಇಂಪಾಸಿಬಲ್’. ಇವು ಎರಡೂ ಇಂದಿಗೂ ಲೋಕದಾದ್ಯಂತ ಪರಿಚಿತವಾದ ಹೆಸರುಗಳು. ಆದರೆ ಖರ್ಚಿನ ಭಾರ ಹೆಚ್ಚಿತ್ತು, ಲೂಸಿ ದಣಿದಿದ್ದಳು. ೧೯೬೭ರಲ್ಲಿ ಒಂದು ಕೋಟಿ ಎಪ್ಪತ್ತು ಲಕ್ಷ ಡಾಲರುಗಳಿಗೆ ಡೆಸಿಲುವನ್ನು ‘ಗಲ್ಫ್ ಅಂಡ್ ವೆಸ್ಟರ್ನ್’ ಎಂಬ ಉದ್ಯಮಕ್ಕೆ ಮಾರಿದಳು. ಪಕ್ಕದ ಪ್ಯಾರಮೌಂಟ್ ಸ್ಟುಡಿಯೋ ಆಗಲೇ ಅವರ ಕೈಸೇರಿತ್ತು. ಎರಡರ ನಡುವಿನ ಗೋಡೆ ಬಿದ್ದಿತು. ಡೆಸಿಲು ಎಂಬ ಹೆಸರೂ ತೆರೆಯಿಂದ ಸರಿಯಿತು. ‘ಸ್ಟಾರ್ ಟ್ರೆಕ್’ ಮರುಪ್ರಸಾರದಲ್ಲಿ ನಿಜವಾದ ಜನಪ್ರಿಯತೆ ಗಳಿಸಿದ್ದು, ಚಲನಚಿತ್ರಗಳಾಗಿ ಬೆಳೆದದ್ದು ಇದಾದ ಮೇಲೆ. ಆ ಫಲ ಉಂಡವರು ಬೇರೆಯವರು.

ಮರುಪ್ರಸಾರದ ಬೆಲೆಯನ್ನು ಲೋಕಕ್ಕೆ ಕಲಿಸಿದವರೇ ಎರಡು ಸಲ ತಮ್ಮ ಕಣಜವನ್ನು ಮಾರಿಕೊಂಡರಲ್ಲ ಎಂದು ಕೆಲವರು ಮರುಗುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ಮಾರುವುದಕ್ಕೂ ಮೊದಲು ಅದು ತನ್ನದಾಗಿರಬೇಕು. ತಮ್ಮ ನೆರಳಿಗೆ ಬೆಲೆ ಕಟ್ಟುವ ಅಧಿಕಾರ ನಟರ ಕೈಗೆ ಬಂದದ್ದೇ ಇಲ್ಲಿಯ ವಿಶೇಷ. ಅದಕ್ಕಾಗಿ ಅವರು ತೆತ್ತದ್ದು ವಾರದ ಸಂಬಳದ ಒಂದು ಭಾಗ. ಅವರನ್ನು ಗೆಲ್ಲಿಸಿದ್ದು ತಮ್ಮ ಕೆಲಸ ನಾಳೆಗೂ ಬೇಕಾದೀತೆಂಬ ನಂಬಿಕೆ.

ನನ್ನನ್ನು ಕಾಡುವುದು ಬೇರೊಂದು ಸಂಗತಿ. ಅದೇ ಕಂತುಗಳಲ್ಲಿ ನೆರೆಮನೆಯವರಾಗಿ ನಟಿಸಿದ ವಿವಿಯನ್ ವ್ಯಾನ್ಸ್, ವಿಲಿಯಂ ಫ್ರಾಲಿ ಇವರಿಲ್ಲದೆ ಆ ಹಾಸ್ಯವಿಲ್ಲ. ಆದರೆ ಅವರು ಒಡೆಯರಲ್ಲ, ಸಂಬಳಕ್ಕೆ ದುಡಿದವರು. ಪ್ರತಿಯೊಬ್ಬ ನಟನೂ ಒಂದೊಂದು ಕಂಪನಿ ಕಟ್ಟಲಾರ. ಕಟ್ಟಿದವನೂ ಉಳಿದವರ ಪಾಲಿಗೆ ಒಡೆಯನೇ ಆಗುತ್ತಾನೆ. ಆದುದರಿಂದ ನೆರಳಿನ ಒಡೆತನದ ಪ್ರಶ್ನೆಗೆ ಡೆಸಿಲು ಕೊಟ್ಟ ಉತ್ತರ ಅರ್ಧ ಉತ್ತರ. ಉಳಿದರ್ಧವನ್ನು ಸಂಘಟನೆಯೂ ಕಾನೂನೂ ಹುಡುಕಬೇಕಾಯಿತು. ೧೯೬೦ರಲ್ಲಿ ಅಮೆರಿಕದ ಚಿತ್ರನಟರ ಸಂಘದವರು ಮುಷ್ಕರ ಹೂಡಿ, ಸಿನಿಮಾಗಳು ದೂರದರ್ಶನಕ್ಕೆ ಮಾರಾಟವಾದಾಗ ನಟರಿಗೂ ಪಾಲಿರಬೇಕೆಂಬುದನ್ನು ಸಾಧಿಸಿಕೊಂಡರು. ನಮ್ಮ ದೇಶದಲ್ಲಿ ೨೦೧೨ರಲ್ಲಿ ಕೃತಿಸ್ವಾಮ್ಯದ ಕಾಯಿದೆಗೆ ತಿದ್ದುಪಡಿಯಾಗಿ, ಚಿತ್ರಗೀತೆ ಬರೆದವರಿಗೆ, ರಾಗ ಹಾಕಿದವರಿಗೆ ಮುಂದಿನ ಗಳಿಕೆಯಲ್ಲಿ ಪಾಲು ಸಲ್ಲಬೇಕೆಂಬ ಹಕ್ಕು ದೊರೆಯಿತು. ಆ ಹಕ್ಕನ್ನು ನಿರ್ಮಾಪಕನಿಗೆ ಬರೆದುಕೊಟ್ಟರೂ ಅದು ಊರ್ಜಿತವಲ್ಲ. ಹಾಡಿದವರು, ಅಭಿನಯಿಸಿದವರು ಇವರ ಹಕ್ಕುಗಳನ್ನೂ ಆ ತಿದ್ದುಪಡಿ ವಿಸ್ತರಿಸಿತು.

ಡೆಸಿ ಅರ್ನಾಜ್ ೧೯೮೬ರಲ್ಲಿ ತೀರಿಕೊಂಡ. ಲೂಸಿಲ್ ಬಾಲ್ ೧೯೮೯ರಲ್ಲಿ. ಅವರ ಸಂಸ್ಥೆ ಅವರಿಗಿಂತ ಮೊದಲೇ ಇಲ್ಲವಾಗಿತ್ತು. ಕಪ್ಪು ಬಿಳುಪಿನ ಆ ಪುಟ್ಟ ಮನೆಯಲ್ಲಿ ಮಾತ್ರ ಅವರು ಇಂದಿಗೂ ಜಗಳವಾಡುತ್ತಾರೆ, ರಾಜಿಯಾಗುತ್ತಾರೆ, ಎದುರಿಗೆ ಕುಳಿತ ಮುನ್ನೂರು ಜನರ ನಗೆ ಕೇಳಿಸುತ್ತಲೇ ಇದೆ. ನಮ್ಮ ಹಳೆಯ ಚಿತ್ರಗಳ ಎಷ್ಟು ಪೆಟ್ಟಿಗೆಗಳು ಇನ್ನೂ ಯಾವ ಯಾವ ಅಟ್ಟದ ಮೇಲೆ ಬಿದ್ದಿವೆಯೋ! ಅವುಗಳ ಒಡೆಯರು ಯಾರೇ ಆಗಿರಲಿ, ಬೆಳಕಿಗೆ ತಂದು ಕಾಪಾಡಿಯಾರೇ? ಒಳಗಿರುವುದು ಬರಿಯ ಫಿಲ್ಮಲ್ಲ, ನಮ್ಮವರ ಮುಖ, ನಮ್ಮವರ ದನಿ.